ಪ್ರಸಂಗಪೀಠ ಮತ್ತು ತೆರಿಗೆ ವಿನಾಯಿತಿ: ಅಮೆರಿಕದ ಚರ್ಚುಗಳ ರಾಜಕೀಯ ಪಾತ್ರವನ್ನು ಕುರಿತು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಧರ್ಮ ಮತ್ತು ಪ್ರಭುತ್ವಗಳ ಸಂಬಂಧವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಆ ದೇಶದ ಸಂವಿಧಾನದ ಮೊದಲನೆಯ ತಿದ್ದುಪಡಿಯ ಸುತ್ತ ಬೆಳೆದಿದೆ. ಪ್ರಭುತ್ವವು ಯಾವ ಧರ್ಮವನ್ನೂ ಸ್ಥಾಪಿಸಕೂಡದು, ಧರ್ಮಾಚರಣೆಯ ಸ್ವಾತಂತ್ರ್ಯಕ್ಕೆ ಅಡ್ಡಿಪಡಿಸಕೂಡದು ಎಂದು ಸಾರುವ 1791ರ ಆ ವಿಧಿಯು ಪ್ರಭುತ್ವದ ಕೈಗಳನ್ನು ಕಟ್ಟುತ್ತದೆಯೇ ಹೊರತು ಚರ್ಚಿನ ಕೈಗಳನ್ನಲ್ಲ. ಇಂಥ ಅಭ್ಯರ್ಥಿಗೆ ಮತ ನೀಡಿರಿ ಎಂದು ಸಭಾಪಾಲಕನೊಬ್ಬ ಭಾನುವಾರದ ಪ್ರಸಂಗದಲ್ಲಿ ಹೇಳಿದರೆ ಸಂವಿಧಾನದ ಯಾವ ಅಕ್ಷರವೂ ಉಲ್ಲಂಘನೆಯಾಗುವುದಿಲ್ಲ. ಅದನ್ನು ನಿಷೇಧಿಸುವ ಮಾತಿರುವುದು ತೆರಿಗೆ ಸಂಹಿತೆಯ 501(ಸಿ)(3)ನೆಯ ಪ್ರಕರಣದಲ್ಲಿ, 1954ರಲ್ಲಿ ಸೇರಿಸಲಾದ ಒಂದು ಉಪವಾಕ್ಯದಲ್ಲಿ. ಉಲ್ಲಂಘನೆಗೆ ಒದಗುವ ಮುಖ್ಯ ದಂಡನೆಯೂ ಸೆರೆವಾಸವಲ್ಲ, ವಿನಾಯಿತಿಯ ನಷ್ಟ. ಆದುದರಿಂದ ಈ ವಿಷಯವನ್ನು ಕೇವಲ ವಾಕ್‌ಸ್ವಾತಂತ್ರ್ಯದ ಪ್ರಶ್ನೆಯೆಂದು ನೋಡುವ ವಾಡಿಕೆ ಅಪೂರ್ಣವಾದುದು. ಯಾರ ಹಣ, ಯಾವ ದಾರಿಯಲ್ಲಿ, ಯಾರ ಕಣ್ಣಿಗೆ ಬಿದ್ದು ಅಥವಾ ಬೀಳದೆ ಚುನಾವಣೆಗೆ ಹರಿಯಬಹುದು ಎಂಬುದು ಇದರ ತಿರುಳು.

ದೇವರ ಆಸ್ತಿಗೆ ತೆರಿಗೆ ಬೇಡವೆಂಬ ಭಾವನೆ ಹಳೆಯದು. ನಮ್ಮ ಶಾಸನಗಳಲ್ಲಿ ಕಾಣುವ ಸರ್ವಮಾನ್ಯದ ಕಲ್ಪನೆಯನ್ನು ಬಲ್ಲ ಕನ್ನಡ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಸರ್ವಮಾನ್ಯವು ಅರಸನು ಆಚಂದ್ರಾರ್ಕವಾಗಿ ಬಿಟ್ಟುಕೊಟ್ಟ ದತ್ತಿ. ಅಮೆರಿಕದ ವಿನಾಯಿತಿಯಾದರೋ ಶಾಸನಸಭೆ ಷರತ್ತಿನ ಮೇಲೆ ನೀಡಿದ್ದು. ವಸಾಹತು ಕಾಲದಿಂದಲೂ ಅಲ್ಲಿ ಆರಾಧನಾ ಮಂದಿರಗಳ ಸ್ಥಿರಾಸ್ತಿಗೆ ತೆರಿಗೆ ಹಾಕದಿರುವ ರೂಢಿಯಿತ್ತು. ಅಧ್ಯಕ್ಷ ಯುಲಿಸಿಸ್ ಗ್ರಾಂಟ್ 1875ರಲ್ಲಿ ಕಾಂಗ್ರೆಸ್ಸಿಗೆ ಕಳುಹಿಸಿದ ಸಂದೇಶದಲ್ಲಿ ಹೀಗೆ ತೆರಿಗೆಯಿಂದ ಹೊರಗುಳಿದ ಚರ್ಚುಗಳ ಆಸ್ತಿ ಸುಮಾರು 100 ಕೋಟಿ ಡಾಲರಿಗೆ ಮುಟ್ಟಿದೆಯೆಂದು ಎಚ್ಚರಿಸಿ, ಅದಕ್ಕೂ ತೆರಿಗೆ ವಿಧಿಸಬೇಕೆಂದು ಸೂಚಿಸಿದ್ದನು. ಆ ಸೂಚನೆ ಫಲಿಸಲಿಲ್ಲ. ಒಕ್ಕೂಟ ಸರ್ಕಾರದ ಆದಾಯ ತೆರಿಗೆ ಬಂದಾಗ 1894ರ ಶಾಸನವೂ, ಅದು ರದ್ದಾದ ಬಳಿಕ 1913ರ ಶಾಸನವೂ ಧಾರ್ಮಿಕ, ದತ್ತಿ ಹಾಗೂ ಶೈಕ್ಷಣಿಕ ಸಂಸ್ಥೆಗಳನ್ನು ಹೊರಗಿಟ್ಟವು.

ಇಂದಿನ ವ್ಯವಸ್ಥೆಯಲ್ಲಿ ಎರಡು ಬೇರೆ ಬೇರೆ ಅನುಕೂಲಗಳಿವೆ. ಚರ್ಚಿನ ಸ್ವಂತ ಆದಾಯಕ್ಕೆ ತೆರಿಗೆಯಿಲ್ಲದಿರುವುದು ಮೊದಲನೆಯದು. ಕಾಣಿಕೆ ಕೊಟ್ಟವನು ಅಷ್ಟು ಮೊತ್ತವನ್ನು ತನ್ನ ತೆರಿಗೆ ಲೆಕ್ಕದಲ್ಲಿ ಕಳೆದುಕೊಳ್ಳಬಹುದಾಗಿರುವುದು ಎರಡನೆಯದು. ನೂರಕ್ಕೆ 30ರ ದರದಲ್ಲಿ ತೆರಿಗೆ ಕೊಡುವ ದಾನಿಯೊಬ್ಬ 1,000 ಡಾಲರು ಕಾಣಿಕೆಯಿತ್ತನೆಂದು ಊಹಿಸಿದರೆ ಅವನ ಕೈಯಿಂದ ನಿಜವಾಗಿ ಹೋಗುವುದು 700. ಉಳಿದ 300 ಬೊಕ್ಕಸಕ್ಕೆ ಬರಬೇಕಾಗಿದ್ದು ಬಾರದೆ ಹೋದ ಹಣ. ರಾಜಕೀಯ ಪಕ್ಷಕ್ಕೋ ಅಭ್ಯರ್ಥಿಗೋ ಕೊಟ್ಟ ದೇಣಿಗೆಗೆ ಈ ಅನುಕೂಲವಿಲ್ಲ. ಚರ್ಚುಗಳಿಗೆ ಇನ್ನೂ ಒಂದು ವಿಶೇಷವಿದೆ. ಇತರ ದತ್ತಿ ಸಂಸ್ಥೆಗಳು ಮಾನ್ಯತೆಗಾಗಿ ಅರ್ಜಿ ಹಾಕಬೇಕು, ವರ್ಷಂಪ್ರತಿ 990ನೆಯ ನಮೂನೆಯಲ್ಲಿ ಆಯವ್ಯಯವನ್ನು ಬಹಿರಂಗಪಡಿಸಬೇಕು. ಚರ್ಚು ಇವೆರಡರಿಂದಲೂ ಮುಕ್ತ. ಮಸೀದಿ, ಸಿನಗಾಗ್, ದೇವಾಲಯಗಳಿಗೂ ಈ ಸವಲತ್ತು ಅನ್ವಯಿಸುತ್ತದೆ. ಕಾನೂನಿನಲ್ಲಿ 'ಚರ್ಚು' ಎಂಬುದು ಕ್ರೈಸ್ತರಿಗೆ ಮಾತ್ರ ಸೀಮಿತವಾದ ಪದವಲ್ಲ.

1954ರ ತಿದ್ದುಪಡಿಯ ಹುಟ್ಟು ಚರ್ಚುಗಳಿಗೆ ಸಂಬಂಧಿಸಿದ್ದಲ್ಲವೆಂಬುದು ಕುತೂಹಲಕರ. ಆಗ ಟೆಕ್ಸಾಸಿನ ಸೆನೆಟರ್ ಆಗಿದ್ದ ಲಿಂಡನ್ ಜಾನ್ಸನ್ ತನ್ನ ಪಕ್ಷದೊಳಗೇ ಡಡ್ಲಿ ಡೌಹರ್ಟಿ ಎಂಬ ಯುವ ಎದುರಾಳಿಯನ್ನು ಎದುರಿಸುತ್ತಿದ್ದನು. ಕಮ್ಯೂನಿಸ್ಟ್ ವಿರೋಧವನ್ನೇ ಕಸುಬಾಗಿಸಿಕೊಂಡಿದ್ದ ಕೆಲವು ತೆರಿಗೆಮುಕ್ತ ಸಂಸ್ಥೆಗಳು ಜಾನ್ಸನ್‌ನ ವಿರುದ್ಧ ಪ್ರಚಾರ ಸಾಹಿತ್ಯವನ್ನು ಹಂಚುತ್ತಿದ್ದವು. ಆ ವರ್ಷದ ಜುಲೈ 2ರಂದು, ತೆರಿಗೆ ಸಂಹಿತೆಯ ಸಮಗ್ರ ಪರಿಷ್ಕರಣೆಯ ಮಸೂದೆ ಸೆನೆಟ್ಟಿನ ಮುಂದಿದ್ದಾಗ, ಜಾನ್ಸನ್ ಎದ್ದುನಿಂತು ಒಂದು ತಿದ್ದುಪಡಿಯನ್ನು ಮಂಡಿಸಿದನು. ಅದರ ಮೇಲೆ ಸಮಿತಿಯ ವಿಚಾರಣೆ ನಡೆದಿರಲಿಲ್ಲ. ಸದನದಲ್ಲಿ ಚರ್ಚೆಯೂ ನಡೆಯಲಿಲ್ಲ. ವಿನಾಯಿತಿ ಪಡೆದ ಸಂಸ್ಥೆಗಳು ಯಾವುದೇ ಅಭ್ಯರ್ಥಿಯ ಪರವಾದ ಚುನಾವಣಾ ಪ್ರಚಾರದಲ್ಲಿ ಭಾಗವಹಿಸಕೂಡದು, ಹಸ್ತಕ್ಷೇಪ ಮಾಡಕೂಡದು ಎಂಬುದು ಅದರ ಸಾರ. ಅಧ್ಯಕ್ಷ ಐಸೆನ್‌ಹೋವರ್ ಆಗಸ್ಟಿನಲ್ಲಿ ಸಹಿ ಹಾಕಿದನು. ಅಭ್ಯರ್ಥಿಯ ವಿರುದ್ಧದ ಪ್ರಚಾರವೂ ನಿಷಿದ್ಧವೆಂಬುದನ್ನು 1987ರಲ್ಲಿ ಸ್ಪಷ್ಟವಾಗಿ ಸೇರಿಸಲಾಯಿತು. ಚರ್ಚುಗಳು ಅದೇ ಪ್ರಕರಣದಲ್ಲಿ ಹೆಸರಿಸಲ್ಪಟ್ಟಿದ್ದರಿಂದ ತಾವಾಗಿಯೇ ಈ ಬಲೆಯೊಳಗೆ ಬಂದವು.

ನಿಷೇಧದ ಎಲ್ಲೆಯನ್ನು ಸರಿಯಾಗಿ ಗುರುತಿಸುವುದು ಅಗತ್ಯ. ಅದು ಅಭ್ಯರ್ಥಿಗೆ ಸಂಬಂಧಿಸಿದ್ದೇ ಹೊರತು ವಿಷಯಕ್ಕಲ್ಲ. ಗರ್ಭಪಾತ, ಯುದ್ಧ, ವರ್ಣಭೇದ, ಬಡತನ ಇವುಗಳ ಬಗ್ಗೆ ಚರ್ಚು ಎಷ್ಟು ಕಟುವಾಗಿಯೂ ಮಾತನಾಡಬಹುದು. ಶಾಸನಗಳ ಪರ ಅಥವಾ ವಿರೋಧವಾಗಿ ಒತ್ತಡ ಹೇರುವುದಕ್ಕೂ ಅವಕಾಶವುಂಟು. ಅದು ಸಂಸ್ಥೆಯ ಚಟುವಟಿಕೆಯ ಗಣನೀಯ ಭಾಗವಾಗಬಾರದೆಂಬುದಷ್ಟೇ 1934ರ ಷರತ್ತು. ಸಲಿಂಗ ವಿವಾಹವನ್ನು ತಡೆಯಲು 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಜನಮತ ಸಂಗ್ರಹದಲ್ಲಿ ಮಾರ್ಮನ್ ಚರ್ಚು ಬಹಿರಂಗವಾಗಿ ತೊಡಗಿದ್ದು ಈ ಅವಕಾಶದ ಅಡಿಯಲ್ಲಿ. ಮತದಾರರ ನೋಂದಣಿ ಮಾಡಿಸುವುದು, ಆರಾಧನೆಯ ನಂತರ ಜನರನ್ನು ಮತಗಟ್ಟೆಗೆ ಕರೆದೊಯ್ಯುವುದು ಪಕ್ಷಾತೀತವಾಗಿದ್ದರೆ ತಪ್ಪಲ್ಲ. ಕರಿಯರ ಚರ್ಚುಗಳಲ್ಲಿ ಇದು ಬೇರೂರಿದ ಸಂಪ್ರದಾಯ. ಸಭಾಪಾಲಕನು ತಾನೇ ಅಭ್ಯರ್ಥಿಯಾಗುವುದಕ್ಕೂ ಅಡ್ಡಿಯಿಲ್ಲ. ಹಾರ್ಲೆಮ್ಮಿನ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಆಡಮ್ ಕ್ಲೇಟನ್ ಪವೆಲ್ ಕಿರಿಯ 1945ರಿಂದ ಕಾಂಗ್ರೆಸ್ ಸದಸ್ಯನಾಗಿದ್ದನು. ಅಟ್ಲಾಂಟಾದ ಎಬೆನೀಸರ್ ಚರ್ಚಿನ ರಾಫೆಲ್ ವಾರ್ನಾಕ್ 2021ರಲ್ಲಿ ಸೆನೆಟ್ಟಿಗೆ ಆಯ್ಕೆಯಾದರು.

ವಿನಾಯಿತಿಯೆಂದರೆ ಪ್ರಭುತ್ವದ ಸಹಾಯಧನವೇ ಎಂಬ ಮೂಲ ಪ್ರಶ್ನೆಗೆ ನ್ಯಾಯಾಲಯಗಳು ಒಂದೇ ಬಗೆಯ ಉತ್ತರ ಕೊಟ್ಟಿಲ್ಲ. 1970ರ ವಾಲ್ಜ್ ಪ್ರಕರಣದಲ್ಲಿ ನ್ಯೂಯಾರ್ಕಿನ ಆರಾಧನಾ ಮಂದಿರಗಳ ಆಸ್ತಿ ತೆರಿಗೆಯ ವಿನಾಯಿತಿಯನ್ನು ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯವು, ಪ್ರಭುತ್ವ ಇಲ್ಲಿ ಹಣ ಕೊಡುತ್ತಿಲ್ಲ, ಕೇಳುವುದನ್ನು ಬಿಟ್ಟಿದೆ ಅಷ್ಟೆ ಎಂಬ ನಿಲುವು ತಳೆಯಿತು. ನ್ಯಾಯಮೂರ್ತಿ ಡಗ್ಲಸ್ ಒಬ್ಬರೇ ಭಿನ್ನಮತ ಸೂಚಿಸಿದರು. 13 ವರ್ಷಗಳ ಬಳಿಕ, 1983ರ ರೇಗನ್ ವಿರುದ್ಧ ಟ್ಯಾಕ್ಸೇಷನ್ ವಿತ್ ರೆಪ್ರೆಸೆಂಟೇಷನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ವಿನಾಯಿತಿಯನ್ನೂ ದೇಣಿಗೆಯ ಕಡಿತವನ್ನೂ ತೆರಿಗೆ ವ್ಯವಸ್ಥೆಯ ಮೂಲಕ ಸಲ್ಲುವ ಸಹಾಯಧನದ ರೂಪಗಳೆಂದು ಕರೆಯಿತು. ಈ ಎರಡನೆಯದು ಚರ್ಚಿನ ಪ್ರಕರಣವಲ್ಲ. ಆದರೂ ಚರ್ಚುಗಳ ಪರ ವಾದಿಸುವವರು 1970ರ ತೀರ್ಪನ್ನು, ವಿರೋಧಿಸುವವರು 1983ರ ತೀರ್ಪನ್ನು ಹಿಡಿದುಕೊಳ್ಳುವುದು ವಾಡಿಕೆಯಾಗಿದೆ. ದಾನಿಯ ಕಡಿತದ ಮಟ್ಟಿಗಂತೂ ಎರಡನೆಯ ವಾದವೇ ಹೆಚ್ಚು ಗಟ್ಟಿಯಾದುದು. ಅಲ್ಲಿ ಬೊಕ್ಕಸದ ನಷ್ಟವನ್ನು ಡಾಲರಿನ ಲೆಕ್ಕದಲ್ಲಿ ತೋರಿಸಬಹುದು.

ಇದಕ್ಕೆ ಸ್ಪಷ್ಟ ನಿದರ್ಶನ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಬಳಿಯ ಪಿಯರ್ಸ್ ಕ್ರೀಕ್ ಚರ್ಚಿನದು. 1992ರ ಅಧ್ಯಕ್ಷ ಚುನಾವಣೆಗೆ ನಾಲ್ಕು ದಿನ ಮುಂಚೆ ಈ ಚರ್ಚು ಎರಡು ರಾಷ್ಟ್ರೀಯ ದಿನಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ನೀಡಿ, ಬಿಲ್ ಕ್ಲಿಂಟನ್‌ಗೆ ಮತ ನೀಡದಂತೆ ಕ್ರೈಸ್ತರನ್ನು ಎಚ್ಚರಿಸಿತು. ಜಾಹೀರಾತಿನ ಅಡಿಯಲ್ಲಿ, ಇದರ ವೆಚ್ಚಕ್ಕೆ ತೆರಿಗೆ ಕಡಿತವುಳ್ಳ ದೇಣಿಗೆಗಳನ್ನು ಸ್ವೀಕರಿಸಲಾಗುವುದೆಂಬ ಸೂಚನೆಯಿತ್ತು. ಇಡೀ ವಿವಾದದ ಸಾರ ಆ ಕಿರುಸೂಚನೆಯಲ್ಲಿದೆ ಎಂದರೆ ತಪ್ಪಾಗದು. ಒಕ್ಕೂಟದ ತೆರಿಗೆ ಇಲಾಖೆಯಾದ ಐ.ಆರ್.ಎಸ್. 1995ರಲ್ಲಿ ಚರ್ಚಿನ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಇದನ್ನು ಎತ್ತಿಹಿಡಿಯಿತು. ಚರ್ಚು ಬಾಯಿ ಮುಚ್ಚಬೇಕಾಗಿಲ್ಲ, 501(ಸಿ)(4)ರ ಅಡಿಯಲ್ಲಿ ಪ್ರತ್ಯೇಕ ಅಂಗಸಂಸ್ಥೆಯನ್ನು ಕಟ್ಟಿ, ಅದರ ಮೂಲಕ ರಾಜಕೀಯ ನಿಧಿಯನ್ನು ಏರ್ಪಡಿಸಿ ಕಡಿತವಿಲ್ಲದ ಹಣದಿಂದ ಇದೇ ಮಾತನ್ನು ಆಡಬಹುದು ಎಂಬುದು ತೀರ್ಪಿನ ಮುಖ್ಯ ಆಧಾರ. ಮಾನ್ಯತೆಯ ರದ್ದತಿಯ ಪರಿಣಾಮ ಬಹಳಮಟ್ಟಿಗೆ ಸಾಂಕೇತಿಕವೆಂದೂ ನ್ಯಾಯಾಲಯ ಗಮನಿಸಿತು. ಹಸ್ತಕ್ಷೇಪವನ್ನು ನಿಲ್ಲಿಸಿದ ಚರ್ಚು ಮತ್ತೆ ವಿನಾಯಿತಿಗೆ ಅರ್ಹವಾಗುವುದಕ್ಕೆ ತಡೆಯಿರಲಿಲ್ಲ.

ಚುನಾವಣಾ ಹಸ್ತಕ್ಷೇಪಕ್ಕಾಗಿ ಮಾನ್ಯತೆ ಕಳೆದುಕೊಂಡ ಚರ್ಚು ಎಂದು ಸಾಮಾನ್ಯವಾಗಿ ಹೆಸರಿಸಲ್ಪಡುವುದು ಇದೊಂದೇ. ಇಷ್ಟು ದೀರ್ಘ ಕಾಲದ ನಿಷೇಧಕ್ಕೆ ಇಷ್ಟು ಕಡಿಮೆ ಅನುಷ್ಠಾನವೇಕೆ? ಚರ್ಚುಗಳ ಲೆಕ್ಕಪತ್ರಗಳ ತನಿಖೆಗೆ 1984ರ ಕಾನೂನು ವಿಶೇಷ ರಕ್ಷಣೆ ಒದಗಿಸಿತು. ಉನ್ನತ ಮಟ್ಟದ ಅಧಿಕಾರಿಯೊಬ್ಬ ಸಕಾರಣವನ್ನು ಬರವಣಿಗೆಯಲ್ಲಿ ದಾಖಲಿಸದೆ ವಿಚಾರಣೆ ಆರಂಭವಾಗುವಂತಿಲ್ಲ. 1998ರಲ್ಲಿ ಇಲಾಖೆಯ ಪುನಾರಚನೆಯಾಗಿ ಹಳೆಯ ಹುದ್ದೆಗಳು ಅಳಿದುಹೋದವು. 2009ರಲ್ಲಿ ಮಿನೆಸೋಟದ ನ್ಯಾಯಾಲಯವೊಂದು, ಆ ಕೆಲಸಕ್ಕೆ ಇಲಾಖೆ ನೇಮಿಸಿಕೊಂಡಿದ್ದ ಅಧಿಕಾರಿ ಸಾಕಷ್ಟು ಉನ್ನತನಲ್ಲವೆಂದು ಹೇಳಿತು. ಹೊರಗಿನವರು ದೂರು ಹೊತ್ತು ನ್ಯಾಯಾಲಯಕ್ಕೆ ಹೋಗುವ ಹಾದಿಯೂ ಸುಗಮವಲ್ಲ. ಕ್ಯಾಥೊಲಿಕ್ ಚರ್ಚಿನ ವಿನಾಯಿತಿಯನ್ನು ಪ್ರಶ್ನಿಸಿ ಗರ್ಭಪಾತ ಹಕ್ಕಿನ ಸಂಘಟನೆಯೊಂದು 1980ರಲ್ಲಿ ಹೂಡಿದ ದಾವೆ, ದಾವೆ ಹೂಡಲು ಅದಕ್ಕೆ ಅರ್ಹತೆಯಿಲ್ಲವೆಂಬ ಕಾರಣದಿಂದ ಸುಮಾರು ಒಂದು ದಶಕದ ನಂತರ ವಜಾ ಆಯಿತು.

ಅನುಷ್ಠಾನ ವಿರಳವಾದಾಗ ಅದು ಆಯ್ಕೆಯ ಸ್ವರೂಪ ಪಡೆಯುವುದು ಸಹಜ. ಪ್ಯಾಸಡೀನಾದ ಆಲ್ ಸೇಂಟ್ಸ್ ಚರ್ಚಿನಲ್ಲಿ ನಿವೃತ್ತ ಸಭಾಪಾಲಕ ಜಾರ್ಜ್ ರೀಗಸ್ 2004ರ ಚುನಾವಣೆಗೆ ಎರಡು ದಿನ ಮೊದಲು ಮಾಡಿದ ಪ್ರಸಂಗದಲ್ಲಿ, ಯೇಸು ಕೆರಿ ಮತ್ತು ಬುಷ್ ಇಬ್ಬರೊಡನೆಯೂ ವಾದಿಸುವಂತೆ ಕಲ್ಪಿಸಿ ಇರಾಕ್ ಯುದ್ಧವನ್ನು ಖಂಡಿಸಿದರು. ಇಂಥವರಿಗೆ ಮತ ನೀಡಿ ಎಂದು ಅವರು ಹೇಳಿರಲಿಲ್ಲ. ಆದರೂ 2005ರಲ್ಲಿ ಇಲಾಖೆಯಿಂದ ಪತ್ರ ಬಂದಿತು. 2007ರಲ್ಲಿ ಪ್ರಸಂಗವು ಹಸ್ತಕ್ಷೇಪವೇ ಹೌದೆಂದು ತಿಳಿಸಿ, ಹೇಗೆಂಬುದನ್ನು ವಿವರಿಸದೆ, ಯಾವ ದಂಡವನ್ನೂ ವಿಧಿಸದೆ ಕಡತವನ್ನು ಮುಚ್ಚಲಾಯಿತು. ಇತ್ತ 2008ರ ಸೆಪ್ಟೆಂಬರಿನಲ್ಲಿ 33 ಸಭಾಪಾಲಕರು ಸಂಪ್ರದಾಯವಾದಿ ವಕೀಲರ ಸಂಘಟನೆಯೊಂದರ ಬೆಂಬಲದಿಂದ ಬೇಕೆಂದೇ ಕಾನೂನನ್ನು ಮುರಿದು ಅಭ್ಯರ್ಥಿಗಳ ಬಗ್ಗೆ ಪ್ರಸಂಗ ಮಾಡಿ ಮೊಕದ್ದಮೆಗೆ ಆಹ್ವಾನ ನೀಡಿದರು. ನಂತರದ ವರ್ಷಗಳಲ್ಲಿ ಅವರ ಸಂಖ್ಯೆ ನೂರಾರಕ್ಕೇರಿತು. ಬಯಸಿದ ಮೊಕದ್ದಮೆ ಬರಲಿಲ್ಲ. ಸಂದೇಹದಿಂದ ಮಾತನಾಡಿದವರು ಎರಡು ವರ್ಷ ತೊಳಲಿದರು, ಸವಾಲು ಹಾಕಿದವರು ನಿಶ್ಚಿಂತರಾಗಿ ಉಳಿದರು.

2017ರ ಫೆಬ್ರವರಿಯಲ್ಲಿ ಅಧ್ಯಕ್ಷ ಟ್ರಂಪ್ ಈ ತಿದ್ದುಪಡಿಯನ್ನು ನಾಶಮಾಡುವುದಾಗಿ ಘೋಷಿಸಿದರು. ಮೇ ತಿಂಗಳಲ್ಲಿ ಹೊರಟ ಆಜ್ಞೆ ಅಷ್ಟು ದೂರ ಹೋಗಲಿಲ್ಲ. ಅದೇ ವರ್ಷದ ತೆರಿಗೆ ಮಸೂದೆಯಲ್ಲಿ ಪ್ರತಿನಿಧಿ ಸಭೆ ಸೇರಿಸಿದ್ದ ಸಡಿಲಿಕೆ ಸೆನೆಟ್ಟಿನ ಕಾರ್ಯವಿಧಾನದ ನಿಯಮದಿಂದಾಗಿ ಬಿದ್ದುಹೋಯಿತು. ಶಾಸನಸಭೆಯಲ್ಲಿ ಆಗದ್ದು ಮುಂದೆ ನ್ಯಾಯಾಲಯದ ಕಡತದಲ್ಲಿ ಕಾಣಿಸಿಕೊಂಡಿತು. ಧಾರ್ಮಿಕ ಪ್ರಸಾರಕರ ರಾಷ್ಟ್ರೀಯ ಸಂಘಟನೆಯೂ ಟೆಕ್ಸಾಸಿನ ಎರಡು ಚರ್ಚುಗಳೂ 2024ರಲ್ಲಿ ಹೂಡಿದ ದಾವೆಯಲ್ಲಿ, 2025ರ ಜುಲೈ 7ರಂದು ವಾದಿಗಳೂ ಐ.ಆರ್.ಎಸ್. ಕೂಡ ಒಟ್ಟಾಗಿ ಒಪ್ಪಂದದ ತೀರ್ಪನ್ನು ಕೋರಿದರು. ಆರಾಧನೆಯ ಸಂದರ್ಭದಲ್ಲಿ, ರೂಢಿಯ ಸಂವಹನ ಮಾರ್ಗಗಳ ಮೂಲಕ, ನಂಬಿಕೆಯ ನೆಲೆಯಿಂದ ಚರ್ಚು ತನ್ನ ಸಭೆಯೊಡನೆ ಆಡಿದ ಮಾತು ಚುನಾವಣಾ ಹಸ್ತಕ್ಷೇಪವಲ್ಲವೆಂದು ಶಾಸನವನ್ನು ಅರ್ಥೈಸಬೇಕೆಂಬುದು ಅವರ ಕೋರಿಕೆ. ಅದನ್ನು ಅವರು ಕುಟುಂಬದೊಳಗಿನ ಮಾತುಕತೆಗೆ ಹೋಲಿಸಿದರು. ವಿವಾದದ ಎರಡು ಪಕ್ಷಗಳೂ ಒಂದೇ ಕಡೆ ನಿಂತಿದ್ದರಿಂದ ಶಾಸನದ ಪರವಾಗಿ ವಾದಿಸುವವರೇ ಇಲ್ಲದಂತಾಗಿ, ಧರ್ಮ ಪ್ರಭುತ್ವಗಳ ಪ್ರತ್ಯೇಕತೆಯನ್ನು ಪ್ರತಿಪಾದಿಸುವ ಸಂಘಟನೆಯೊಂದು ನಡುವೆ ಪ್ರವೇಶಿಸಲು ಅನುಮತಿ ಬೇಡಬೇಕಾಯಿತು.

ಸಭೆಯೊಳಗಿನ ಮಾತು ಎಂಬ ಈ ಎಲ್ಲೆ ಮೇಲುನೋಟಕ್ಕೆ ಕಿರಿದು. ಆದರೆ ದೊಡ್ಡ ಚರ್ಚುಗಳ ಆರಾಧನೆ ದೂರದರ್ಶನದಲ್ಲೂ ಅಂತರಜಾಲದಲ್ಲೂ ಪ್ರಸಾರವಾಗುತ್ತದೆ. ಅವುಗಳ ರೂಢಿಯ ಸಂವಹನ ಮಾರ್ಗವೇ ಲಕ್ಷಾಂತರ ಜನರನ್ನು ಮುಟ್ಟುವಂಥದು. ಪ್ರಸಂಗದ ಮುಕ್ತತೆಯನ್ನು ಬಯಸುವವರ ವಾದದಲ್ಲಿ ಹುರುಳಿಲ್ಲವೆನ್ನಲಾಗದು: ಅಧಿಕಾರಿಯೊಬ್ಬ ಧರ್ಮೋಪದೇಶದ ಸಾಲುಗಳನ್ನು ಅಳೆದು ನೋಡುವ ಸ್ಥಿತಿ ಯಾವ ಪ್ರಜಾಪ್ರಭುತ್ವಕ್ಕೂ ಶೋಭೆಯಲ್ಲ. ಮಾತನ್ನು ಬಿಟ್ಟು ಹಣವನ್ನು ಮಾತ್ರ ತಡೆಯುವ ಮಧ್ಯಮ ಮಾರ್ಗವನ್ನು ಕೆಲವರು ಸೂಚಿಸಿದ್ದುಂಟು. ಆದರೆ ಪ್ರಸಂಗವನ್ನು ಸಿದ್ಧಪಡಿಸಿ ಪ್ರಸಾರ ಮಾಡುವ ವೆಚ್ಚವೂ ಕಾಣಿಕೆಯ ಹಣದಿಂದಲೇ ಭರ್ತಿಯಾಗುವುದರಿಂದ ಆ ಗೆರೆಯನ್ನು ಎಳೆಯುವುದು ಸುಲಭವಲ್ಲ. ಅಭ್ಯರ್ಥಿಯೊಬ್ಬನಿಗೆ 200 ಡಾಲರಿಗಿಂತ ಹೆಚ್ಚು ದೇಣಿಗೆ ಕೊಟ್ಟವನ ಹೆಸರು ಒಕ್ಕೂಟದ ಚುನಾವಣಾ ಆಯೋಗದ ಮೂಲಕ ಸಾರ್ವಜನಿಕ ದಾಖಲೆಗೆ ಸೇರುತ್ತದೆ. ಅದೇ ವ್ಯಕ್ತಿ ಚರ್ಚಿನ ಕಾಣಿಕೆ ತಟ್ಟೆಗೆ 2 ಲಕ್ಷ ಡಾಲರು ಹಾಕಿದರೆ, 990ನೆಯ ನಮೂನೆಯ ಹಂಗಿಲ್ಲದ ಚರ್ಚು ಅದನ್ನು ಯಾರಿಗೂ ತಿಳಿಸಬೇಕಾಗಿಲ್ಲ. ತೆರಿಗೆ ಲೆಕ್ಕದಲ್ಲಿ ಕಡಿತ ಮಾತ್ರ ಅವನಿಗೆ ಸಲ್ಲುತ್ತದೆ.