ಮಸಾಯಿ ಮರಾ: ಬೇಟೆಯ ಚಿತ್ರ ಚಾಲಕನ ಕೈಯಲ್ಲಿದೆ

ಮಸಾಯಿ ಮರಾದಲ್ಲಿ ಸಿಂಹ ಹುಡುಕಲು ಹೊರಟ ಅನುಭವಿ ಚಾಲಕ ಮೊದಲು ನೋಡುವುದು ಬೇರೆ ಪ್ರಾಣಿಗಳನ್ನು. ಹುತ್ತದ ಮೇಲೆ ನಿಂತ ಟೋಪಿ ಯಾವ ಕಡೆ ಮುಖ ಮಾಡಿದೆ? ಜಿರಾಫೆಗಳು ಮೇಯುವುದನ್ನು ಬಿಟ್ಟು ಒಂದೇ ದಿಕ್ಕಿಗೆ ಯಾಕೆ ಕತ್ತು ತಿರುಗಿಸಿವೆ? ರಣಹದ್ದುಗಳು ಮೇಲೆ ಸುತ್ತುತ್ತಿವೆಯೋ, ಒಂದೊಂದಾಗಿ ಕೆಳಗಿಳಿಯುತ್ತಿವೆಯೋ? ಟೋಪಿ ಎಂದರೆ ಕೆಂಗಂದು ಮೈಯ, ತೊಡೆಯ ಮೇಲೆ ಕಪ್ಪು ಮಚ್ಚೆಯಿರುವ ದೊಡ್ಡ ಹುಲ್ಲೆ. ಎತ್ತರ ಸಿಕ್ಕಿದರೆ ಹತ್ತಿ ನಿಂತು ಬಯಲನ್ನು ಕಾಯುವುದು ಅದರ ಅಭ್ಯಾಸ. ಅದು ಕದಲದೆ ಒಂದೆಡೆ ದಿಟ್ಟಿಸಿದರೆ ಅಲ್ಲಿ ಹುಲ್ಲಿನೊಳಗೆ ಏನೋ ಇದೆ ಎಂದೇ ಲೆಕ್ಕ.

ಇದನ್ನೆಲ್ಲ ಹೇಳಿಕೊಟ್ಟವರು ನಮ್ಮ ಲ್ಯಾಂಡ್ ಕ್ರೂಸರ್ ಓಡಿಸುತ್ತಿದ್ದ ನಡುವಯಸ್ಸಿನ ಮಸಾಯಿ ಗೈಡ್. ಬೆಳಿಗ್ಗೆ ಆರಕ್ಕೆ ಗೇಟು ದಾಟಿದವರು ಮಧ್ಯಾಹ್ನದವರೆಗೂ ಮಾತು ನಿಲ್ಲಿಸಲಿಲ್ಲ. ಹುಡುಗನಾಗಿದ್ದಾಗ ದನ ಕಾಯ್ದವರಂತೆ. ಹಿಂಡಿನ ಹತ್ತಿರ ಸಿಂಹ ಬಂದಿದೆಯೇ ಎಂದು ದನಗಳ ಕಿವಿ ನೋಡಿ ತಿಳಿಯುತ್ತಿದ್ದರಂತೆ. ಈಗ ಅದೇ ವಿದ್ಯೆ ಅನ್ನ ಕೊಡುತ್ತಿದೆ. ಕಬಿನಿಯಲ್ಲಿ ಮುಸುವ ಕೂಗಿದಾಗ, ಜಿಂಕೆ ಎಚ್ಚರಿಸಿದಾಗ ಜೀಪು ನಿಲ್ಲಿಸಿ ಕಾಯುವ ನಮ್ಮವರಿಗೆ ಈ ಕ್ರಮ ಹೊಸದಲ್ಲ. ಆದರೆ ನಮ್ಮ ಕಾಡಿನಲ್ಲಿ ಕಿವಿ ಮುಂದೆ, ಈ ಬಯಲಿನಲ್ಲಿ ಕಣ್ಣು ಮುಂದೆ. ಮರಗಳು ಅಲ್ಲೊಂದು ಇಲ್ಲೊಂದು. ಹುಲ್ಲು ಮಾತ್ರ ಕಣ್ಣು ಹಾಯುವವರೆಗೂ.

ಕುರುಹುಗಳ ಈ ಓದುವಿಕೆ ಕಡಿಮೆಯಾಗುತ್ತಿದೆ ಎಂಬುದು ನಮ್ಮ ಗೈಡ್ ಅವರ ನೋವು. ಈಗ ಬಹುಪಾಲು ಗಾಡಿಗಳು ರೇಡಿಯೊ ಮತ್ತು ಮೊಬೈಲನ್ನು ನಂಬಿ ಓಡುತ್ತವೆ. ‘ಡುಮಾ’ ಎಂಬ ಸ್ವಾಹಿಲಿ ಮಾತು ಕೇಳಿಸಿದರೆ ಎಲ್ಲೋ ಚೀತಾ ಸಿಕ್ಕಿದೆ, ‘ಸಿಂಬಾ’ ಎಂದರೆ ಸಿಂಹ, ‘ಚುಯಿ’ ಎಂದರೆ ಚಿರತೆ. ಕೇಳಿದ ಕೂಡಲೇ ಧೂಳೆಬ್ಬಿಸಿಕೊಂಡು ಎಲ್ಲರೂ ಅತ್ತ. ಹೊಸ ಹುಡುಗರು ಹೆಜ್ಜೆ ಗುರುತು ನೋಡಲು ಬ್ರೇಕನ್ನೇ ಹಾಕುವುದಿಲ್ಲ ಎಂದು ಅವರು ಮತ್ತೆ ಮತ್ತೆ ಹೇಳಿದರು.

ಸ್ಥಳದ ಚರಿತ್ರೆ ಇಷ್ಟು: ಕೆನ್ಯಾದ ನೈರುತ್ಯ ಮೂಲೆಯಲ್ಲಿ, ನರೋಕ್ ಕೌಂಟಿಯಲ್ಲಿ, ಸುಮಾರು 1,510 ಚದರ ಕಿ.ಮೀ. ವಿಸ್ತಾರ. 1961ರಲ್ಲಿ ವನ್ಯಧಾಮವಾಯಿತು, 1974ರಲ್ಲಿ ರಾಷ್ಟ್ರೀಯ ಮೀಸಲು ಪ್ರದೇಶವಾಯಿತು. ದಕ್ಷಿಣಕ್ಕೆ ಬೇಲಿಯಿಲ್ಲದೆ ತಾಂಜಾನಿಯಾದ ಸೆರೆಂಗೆಟಿ. ಮರಾ ನದಿಯ ಪಶ್ಚಿಮಕ್ಕಿರುವ ‘ಟ್ರಯಾಂಗಲ್’ ಭಾಗವನ್ನು 2001ರಿಂದ ಮರಾ ಕನ್ಸರ್ವೆನ್ಸಿ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. ಜುಲೈಯಿಂದ ಅಕ್ಟೋಬರ್‌ವರೆಗೆ ವೈಲ್ಡ್‌ಬೀಸ್ಟ್ ಹಿಂಡುಗಳು ಸೆರೆಂಗೆಟಿಯಿಂದ ಬಂದು ಮೊಸಳೆಗಳಿರುವ ನದಿ ದಾಟುತ್ತವೆ. ಬೆಂಗಳೂರಿನ ಛಾಯಾಗ್ರಾಹಕರ ತಂಡಗಳೂ ಆಗಲೇ ಬರುತ್ತವೆ. ಕ್ಯಾಂಪಿನ ಊಟದ ಮನೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಿಲ್ಲ.

ಆ ದಿನ ನಮಗೆ ಸಿಕ್ಕಿದ್ದು ಮೂರು ಮರಿಗಳ ತಾಯಿ ಚೀತಾ. ಸಿಂಹ, ಕತ್ತೆಕಿರುಬಗಳ ಕಾಟ ತಪ್ಪಿಸಿಕೊಳ್ಳಲು ಚೀತಾ ಹೆಚ್ಚಾಗಿ ಹಗಲಿನಲ್ಲೇ ಬೇಟೆಯಾಡುತ್ತದೆ. ಹಾಗಾಗಿ ಕ್ಯಾಮೆರಾಗಳಿಗೂ ಅದರ ಬೇಟೆಯೇ ಹೆಚ್ಚು ಸಿಗುವುದು. ಹುತ್ತದ ಮೇಲೆ ಕೂತು ದೂರದ ಥಾಮ್ಸನ್ ಗಸೆಲ್ ಹುಲ್ಲೆಗಳ ಹಿಂಡನ್ನು ಅದು ನೋಡುತ್ತಿತ್ತು. ನಮ್ಮ ಗೈಡ್ ಹತ್ತಿರ ಹೋಗಲೇ ಇಲ್ಲ. ಸೂರ್ಯ ನಮ್ಮ ಬೆನ್ನಿಗೆ ಬರುವಂತೆ, ಗಾಡಿ ಹಿಂಡಿಗೂ ಚೀತಾಕ್ಕೂ ನಡುವೆ ಸಿಗದಂತೆ ದೂರದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿದರು. ಎಂಜಿನ್ ನಡುಕ ಉದ್ದ ಲೆನ್ಸಿನಲ್ಲಿ ಚಿತ್ರವನ್ನು ಕಲಕುತ್ತದೆ. ಕಿಟಕಿಯ ಮೇಲೆ ಕಾಳು ತುಂಬಿದ ಚೀಲ, ಅದರ ಮೇಲೆ ಲೆನ್ಸ್. ಶಟರ್ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗಕ್ಕಿಂತ ನಿಧಾನ ಬೇಡ ಎಂದರು. ಚೀತಾದ ಓಟ ಕೆಲವೇ ಸೆಕೆಂಡುಗಳದು. ಫೋಕಸ್ ಹುಡುಕುತ್ತ ಕೂತರೆ ಧೂಳು ಮಾತ್ರ ಉಳಿಯುತ್ತದೆ.

ಅಷ್ಟರಲ್ಲಿ ರೇಡಿಯೊ ತನ್ನ ಕೆಲಸ ಮಾಡಿತ್ತು. ಒಂದರ ಹಿಂದೊಂದು ಗಾಡಿಗಳು ಬಂದು ಹುತ್ತವನ್ನು ಅರ್ಧಚಂದ್ರವಾಗಿ ಮುತ್ತಿದವು. ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ವಾಹನ ಇರಬಾರದು, ಬೇರೆಯವರು ಕಾಯುತ್ತಿದ್ದರೆ ಹತ್ತು ನಿಮಿಷದಲ್ಲಿ ಜಾಗ ಬಿಡಬೇಕು, 25 ಮೀಟರ್ ಅಂತರ ಇರಬೇಕು ಎಂಬ ನಿಯಮವಿದೆ. ಆ ಹೊತ್ತಿಗೆ ಯಾರಿಗೂ ಅದರ ನೆನಪಿದ್ದಂತೆ ಕಾಣಲಿಲ್ಲ. ಚೀತಾ ಕೆಳಗಿಳಿದು, ಗಾಡಿಗಳ ಸಂದಿಯಲ್ಲಿ ಹಿಂಡನ್ನು ಹುಡುಕಿತು. ತಲೆ ತಗ್ಗಿಸಿ ಹತ್ತು ಹೆಜ್ಜೆ ಹೋಯಿತು. ಇನ್ನೊಂದು ಗಾಡಿ ಮುಂದಕ್ಕೆ ಸರಿದದ್ದೇ ಗಸೆಲ್‌ಗಳು ಚದುರಿದವು. ತಾಯಿ ಹುಲ್ಲಿನಲ್ಲಿ ಮಲಗಿಬಿಟ್ಟಿತು. ಮರಿಗಳು ಹಸಿದೇ ಇದ್ದವು.

ಇದು ಒಂದು ಬೆಳಗಿನ ಬೇಸರ ಮಾತ್ರವಲ್ಲ. ಮರಾದ ಚೀತಾಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ವಿಜ್ಞಾನಿ ಫೆಮ್ಕೆ ಬ್ರೂಖೈಸ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರವಾಸಿಗರು ಕಡಿಮೆಯಿರುವ ಕಡೆ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳು ದೊಡ್ಡವಾಗಿ ಸ್ವತಂತ್ರವಾಗುತ್ತವೆ; ಪ್ರವಾಸಿಗರು ಕಿಕ್ಕಿರಿದ ಕಡೆ 0.2. ಗಾಡಿಗಳು ಮರಿಗಳನ್ನು ನೇರವಾಗಿ ಕೊಲ್ಲುತ್ತವೆ ಎಂದು ಯಾರೂ ಹೇಳುವುದಿಲ್ಲ. ಕೈತಪ್ಪಿದ ಬೇಟೆ, ಬೆದರಿ ಬಿಟ್ಟುಹೋದ ಊಟ, ಇವೆಲ್ಲ ಸೇರಿಕೊಂಡು ಮರಿಗಳಿಗೆ ತಟ್ಟುತ್ತಿರಬಹುದು.

ತಪ್ಪು ಚಾಲಕರೊಬ್ಬರದೇ ಎಂದರೆ ಅನ್ಯಾಯ. ಇನ್ನೂ ಹತ್ತಿರ, ಇನ್ನೂ ಹತ್ತಿರ ಎಂದು ಹಿಂದಿನ ಸೀಟು ಒತ್ತಾಯಿಸುತ್ತದೆ. ಒಪ್ಪದಿದ್ದರೆ ಸಂಜೆಯ ಟಿಪ್ ಹೋಗುತ್ತದೆ. ಆ ಟಿಪ್ಪಿನಲ್ಲೇ ಮಕ್ಕಳ ಶಾಲೆಯ ಫೀಸು ಎಂದು ನಮ್ಮ ಗೈಡ್ ಹೇಳಿದಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ.

ಮೀಸಲು ಪ್ರದೇಶದ ಉತ್ತರ, ಪೂರ್ವಕ್ಕೆ ಮಸಾಯಿ ಜಮೀನುದಾರರಿಂದ ಗೇಣಿಗೆ ಪಡೆದ ನೆಲದ ಕನ್ಸರ್ವೆನ್ಸಿಗಳು, ಅಂದರೆ ವನ್ಯಜೀವಿ ಸಂರಕ್ಷಣಾ ಪ್ರದೇಶಗಳು, ಇವೆ: ಮರಾ ನಾರ್ತ್, ನಬೋಯಿಷೊ, ಓಲಾರೆ ಮೊಟೊರೊಗಿ. ಖರ್ಚು ಹೆಚ್ಚು, ಗಾಡಿ ಕಡಿಮೆ. ಕೈಯಲ್ಲಿ ಹಣವಿದ್ದವರು ಅಲ್ಲಿ ಎರಡು ದಿನ ಉಳಿಯುವುದು ಒಳ್ಳೆಯದು. ನೈರೋಬಿಯಿಂದ ನರೋಕ್ ಮೂಲಕ ಸೆಕೆನಾನಿ ಗೇಟಿಗೆ ರಸ್ತೆಯಲ್ಲಿ ಐದಾರು ಗಂಟೆ. ಎತ್ತರದ ಬಯಲಾದ್ದರಿಂದ ಬೆಳಗಿನ ಚಳಿಗೆ ಸ್ವೆಟರ್ ಬೇಕು. ಹೊತ್ತೇರಿದ ಮೇಲೆ ಬಿಸಿಗಾಳಿ ನೆಲದಿಂದ ಎದ್ದು ದೂರದ ಚಿತ್ರವನ್ನೆಲ್ಲ ಅಲುಗಿಸುತ್ತದೆ. ಬುಕ್ ಮಾಡುವಾಗ ಕೆನ್ಯಾದ ವೃತ್ತಿಪರ ಗೈಡ್‌ಗಳ ಸಂಘದ ಪರೀಕ್ಷೆ ಪಾಸಾದ ಗೈಡನ್ನೇ ಕೇಳಿ. ಬೇಟೆಯ ಹೊತ್ತಿನಲ್ಲಿ ದೂರ ನಿಲ್ಲಿಸಿದರೂ ಟಿಪ್ ಕಡಿಮೆಯಾಗದು ಎಂದು ಗಾಡಿ ಹತ್ತುವಾಗಲೇ ಅವರಿಗೆ ಹೇಳಿಬಿಡಿ.