ಎರೆನೆಲದ ನಿವೇಶನದ ನಿಜವಾದ ಬೆಲೆ

ಹಳ್ಳಿಯಲ್ಲಿ ಮನೆ ಕಟ್ಟಿಸಲು ಹೊರಟವರು ಮೊದಲು ಕೇಳುವ ಪ್ರಶ್ನೆ "ಸೆಂಟಿಗೆ ಎಷ್ಟು?" ಎಂಬುದು. ಬಳ್ಳಾರಿಯು 1953ರವರೆಗೆ ಮದರಾಸಿಗೆ ಸೇರಿದ್ದುದರಿಂದ ಇಲ್ಲಿ ಸೆಂಟಿನ ಲೆಕ್ಕ ಉಳಿದುಕೊಂಡಿದೆ. ನೂರು ಸೆಂಟು ಕೂಡಿದರೆ ಒಂದು ಎಕರೆ. ಒಂದು ಸೆಂಟೆಂದರೆ 435.6 ಚದರ ಅಡಿ.

ಕಳೆದ ಬೇಸಗೆಯಲ್ಲಿ ನಮ್ಮ ಸೋದರಮಾವನವರು ಬಳ್ಳಾರಿಯ ನಮ್ಮ ಮನೆಗೆ ಬಂದರು. ಅವರ ಮುಂದೆ ಎರಡು ನಿವೇಶನಗಳಿದ್ದುವು. ಒಂದು ಸಿರುಗುಪ್ಪದ ಬಳಿ, ಅವರ ಗದ್ದೆಗೆ ಹತ್ತಿರವಾದ ಎರೆನೆಲ. ಇನ್ನೊಂದು ಕುರುಗೋಡಿನ ಗುಡ್ಡದ ಬದಿಯ ಗರಸುನೆಲ. ಅದರ ಬೆಲೆ ಮೊದಲನೆಯದರ ಒಂದೂವರೆಯಷ್ಟು. "ಅಳಿಯಾ, ಅಗ್ಗದ್ದು ತಗೊಂಡ್ರ ಉಳಿದ ರೊಕ್ಕದಾಗ ಇನ್ನೊಂದು ಕೋಣಿ ಏಳತೈತಿ" ಎಂದರು. ಮೂವತ್ತು ವರ್ಷಗಳ ಉಳಿತಾಯ ಅವರ ಕೈಯಲ್ಲಿತ್ತು. ಮುಂಗಡ ಕೊಡುವ ಮುನ್ನ ಎರಡೂ ಕಡೆಯ ಮಣ್ಣನ್ನು ಒಂದೊಂದು ಚೀಲ ತಂದುಕೊಡಿರೆಂದು ನಾವು ಕೇಳಿದೆವು. ಅವರು ನಕ್ಕರಾದರೂ ತಂದುಕೊಟ್ಟರು.

ಎರೆಮಣ್ಣಿನ ಗುಣವೆಲ್ಲ ಮಾಂಟ್‌ಮೊರಿಲೊನೈಟ್ ಎಂಬ ಖನಿಜದಲ್ಲಿದೆ. ಇದರ ಕಣಗಳು ಪುಸ್ತಕದ ಹಾಳೆಗಳಂತೆ ಪದರಪದರವಾಗಿರುತ್ತವೆ. ಒಂದೊಂದು ಪದರದ ದಪ್ಪ ಸುಮಾರು ಒಂದು ನ್ಯಾನೊಮೀಟರ್. ಪದರಗಳಲ್ಲಿ ಋಣ ವಿದ್ಯುದಂಶವಿದ್ದು, ಅವುಗಳ ನಡುವೆ ಧನ ಅಯಾನುಗಳು ನೆಲಸಿರುತ್ತವೆ. ನೀರಿನ ಅಣುವಿಗೆ ಒಂದು ಕಡೆ ಧನ, ಇನ್ನೊಂದು ಕಡೆ ಋಣ ಎಂಬ ಭೇದವಿರುವುದಷ್ಟೆ. ಆದುದರಿಂದ ಅದು ಪದರಗಳ ನಡುವೆ ನುಗ್ಗಿ ಅವುಗಳನ್ನು ಅಗಲಿಸುತ್ತದೆ, ಮಣ್ಣು ಉಬ್ಬುತ್ತದೆ. ಬಿಸಿಲಿಗೆ ನೀರು ಆರಿದೊಡನೆ ಕುಗ್ಗಿ, ಕೈ ಇಳಿಯುವಷ್ಟು ಅಗಲಕ್ಕೆ ಬಿರಿಯುತ್ತದೆ.

ಮನೆಯ ನಡುನೆಲದ ಅಡಿಯಲ್ಲಿ ಬಿಸಿಲೂ ಇಲ್ಲ, ಮಳೆಯೂ ಇಲ್ಲ. ಅಲ್ಲಿನ ತೇವ ಹೆಚ್ಚು ಬದಲಾಗುವುದಿಲ್ಲ. ಹೊರಗೋಡೆಯ ಅಡಿಯ ಮಣ್ಣಾದರೋ ಮಳೆಗಾಲದಲ್ಲಿ ಏಳುತ್ತದೆ, ಬೇಸಗೆಯಲ್ಲಿ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕಿಗೆ ಇದೇ ಕಾರಣ. ವಿಚಿತ್ರವೆಂದರೆ, ಇಲ್ಲಿ ಭಾರದ ಕಟ್ಟಡಕ್ಕಿಂತ ಒಂದಂತಸ್ತಿನ ಹಗುರವಾದ ಮನೆಗೇ ಅಪಾಯ ಹೆಚ್ಚು. ಉಬ್ಬುವ ಮಣ್ಣಿನ ಒತ್ತಡ ಅದರ ತೂಕವನ್ನು ಮೀರಬಲ್ಲುದು.

ನಾವು ಮಾಡಿದ ಪರೀಕ್ಷೆಯನ್ನು ಕಾಲೇಜಿನ ಯಾವ ವಿದ್ಯಾರ್ಥಿಯಾದರೂ ಮಾಡಬಹುದು. ಒಲೆಯಲ್ಲಿ ಒಣಗಿಸಿ, 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಮಣ್ಣನ್ನು ಹತ್ತು ಹತ್ತು ಗ್ರಾಮಿನ ಎರಡು ಪಾಲು ಮಾಡಬೇಕು. 100 ಮಿಲಿಲೀಟರಿನ ಎರಡು ಅಳತೆಜಾಡಿಗಳಲ್ಲಿ ಒಂದಕ್ಕೆ ಬಟ್ಟಿಯಿಳಿಸಿದ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಮಣ್ಣನ್ನು ಸುರಿದು, ಗಾಳಿಗುಳ್ಳೆ ಹೋಗುವಂತೆ ಕಲಕಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯ ಅಣುವಿನಲ್ಲಿ ಧನ ಋಣಗಳ ಭೇದ ಇಲ್ಲವೆನ್ನುವಷ್ಟು ಕಡಿಮೆ. ಅದರಲ್ಲಿ ಮಣ್ಣು ಉಬ್ಬುವುದಿಲ್ಲ. ಮಾವನವರ ಎರೆಮಣ್ಣು ಸೀಮೆಎಣ್ಣೆಯಲ್ಲಿ 9 ಮಿಲಿಲೀಟರಿಗೂ ನೀರಿನಲ್ಲಿ 17 ಮಿಲಿಲೀಟರಿಗೂ ನಿಂತಿತು. ಹೆಚ್ಚಿದ ಎಂಟನ್ನು ಒಂಬತ್ತರಿಂದ ಭಾಗಿಸಿದರೆ ನೂರಕ್ಕೆ 89. ಈ ಸಂಖ್ಯೆ 50ನ್ನು ದಾಟಿದರೆ ಎಚ್ಚರ ಬೇಕು. ಕುರುಗೋಡಿನ ಗರಸು 9ರಿಂದ 10ಕ್ಕೆ ಏರಿತು, ಅಷ್ಟೆ. ಮಾವನವರು ಜಾಡಿಯನ್ನು ಬಹಳ ಹೊತ್ತು ನೋಡುತ್ತ ಕುಳಿತರು.

ಈಗ ಲೆಕ್ಕಕ್ಕೆ ಬರೋಣ. ಇಂಥ ನೆಲಕ್ಕೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು 1950ರ ದಶಕದಲ್ಲಿ ಒಂದು ಉಪಾಯವನ್ನು ರೂಢಿಗೆ ತಂದಿತು. ನೆಲದೊಳಗೆ ಕನಿಷ್ಠ ಮೂರೂವರೆ ಮೀಟರ್ ಇಳಿದ ಕಾಂಕ್ರೀಟು ಕಂಬ. ಅದರ ಬುಡ ಕಾಂಡದ ಎರಡೂವರೆಯಷ್ಟು ಅಗಲವಾದ ಗಡ್ಡೆ. ಋತುಮಾನದ ಉಬ್ಬರವಿಳಿತ ಅಷ್ಟು ಆಳವನ್ನು ಮುಟ್ಟುವುದಿಲ್ಲ. ಇದಲ್ಲದೆ ಸಿರುಗುಪ್ಪದ ನಿವೇಶನ ರಸ್ತೆಗಿಂತ ಮೂರಡಿ ತಗ್ಗು. 2009ರ ಅಕ್ಟೋಬರಿನ ತುಂಗಭದ್ರೆಯ ನೆರೆಯನ್ನು ಕಂಡವರಿಗೆ ತಗ್ಗಿನ ಅರ್ಥವನ್ನು ಹೇಳಬೇಕಾದುದಿಲ್ಲ. 30 ಅಡಿಗೆ 40 ಅಡಿಯ ಜಾಗವನ್ನು ಮೂರಡಿ ಎತ್ತರಿಸಲು 3,600 ಘನ ಅಡಿ ಗರಸು ಬೇಕು. ದಿಮ್ಮಸು ಹೊಡೆದಾಗ ಕುಗ್ಗುವುದನ್ನು ಎಣಿಸಿದರೆ ಸುಮಾರು 4,500. ಟ್ರಾಕ್ಟರಿಗೆ ನೂರು ಘನ ಅಡಿಯಂತೆ 45 ಹೇರು!

ಎರೆನೆಲದ ಬೆಲೆಯನ್ನು 100 ಎಂದಿಟ್ಟುಕೊಂಡರೆ, ಎಂಜಿನಿಯರರ ಅಂದಾಜಿನಂತೆ ಕಂಬಗಳಿಗೆ 34, ಗರಸಿಗೆ 24, ಒಟ್ಟು 158. ಕುರುಗೋಡಿನದು 150. ಆದರೆ ಅಲ್ಲಿಯೂ ಶೌಚದ ಗುಂಡಿಗೆ ಬಂಡೆ ಒಡೆಯಬೇಕು, ಕೊಳವೆಬಾವಿಗೆ ಗ್ರಾನೈಟು ಕೊರೆಯಬೇಕು. ಅದಕ್ಕೆ 6 ಸೇರಿತು. ಬಳ್ಳಾರಿ ಸೀಮೆಯ ಕೆಲವು ಬಾವಿಗಳಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರುವುದರಿಂದ ನೀರನ್ನೂ ಪರೀಕ್ಷಿಸಬೇಕು. ಕೃಷಿ ಜಮೀನಾದರೆ ಭೂಪರಿವರ್ತನೆ, ನೋಂದಣಿ ಇತ್ಯಾದಿ ಖರ್ಚುಗಳು ಎರಡೂ ಕಡೆ ಇದ್ದೇ ಇವೆ.

ಹೀಗೆ ಒಂದೂವರೆಯ ಅಂತರ ಕರಗಿ 158ಕ್ಕೆ 156 ಆಯಿತು. ಕುರುಗೋಡಿನಿಂದ ದಿನವೂ ಗದ್ದೆಗೆ ಓಡಾಡುವ ಪೆಟ್ರೋಲನ್ನು ಸೇರಿಸಿದ ಮೇಲೆ ಮಾವನವರು ಎರೆನೆಲವನ್ನೇ ಆರಿಸಿದರು. ಇನ್ನೊಂದು ಕೋಣೆಯನ್ನು ಮಾತ್ರ ನಕ್ಷೆಯಿಂದ ಹೊಡೆದುಹಾಕಿದರು. ಮಾರುವವರ ಮುಂದೆ ಜಾಡಿಯ ಅಂಕಿಗಳನ್ನಿಟ್ಟು ಬೆಲೆ ಇಳಿಸಿರೆಂದು ಕೇಳಿದಾಗ ಆ ಹಿರಿಯರು, "ಎರಿ ಉಬ್ಬತೈತಿ ಅಂತ ನಮ್ಮಜ್ಜಗೂ ಗೊತ್ತಿತ್ತು, ಅದಕ್ಕ ಜಾಡಿ ಯಾಕ ಬೇಕ್ರಿ?" ಎಂದರಂತೆ. ಆದರೂ ನೂರಕ್ಕೆ ಎಂಟರಷ್ಟು ಇಳಿಸಿದರು.