ಭಗ್ನಚಿಕಿತ್ಸೆಯಲ್ಲಿ ಅಹಿಫೇನದ ಸ್ಥಾನ

ಕೈಕಾಲುಗಳ ಮೂಳೆ ಮುರಿದಾಗ ಉಂಟಾಗುವ ವೇದನೆಯನ್ನು ಶಮನಗೊಳಿಸಲು ಅಫೀಮಿನ ವರ್ಗದ ಔಷಧಗಳೇ ಬೇಕೆ, ಅವಿಲ್ಲದೆಯೂ ಸಾಗುವುದೆ ಎಂಬ ಪ್ರಶ್ನೆಯು ಚಿತ್ರದುರ್ಗದ ಸೀಮೆಗೆ ಹೊರಗಿನದಲ್ಲ. ಹೊಳಲ್ಕೆರೆಯ ಅಡಕೆತೋಟಗಳಲ್ಲಿಯೂ ಹೊಸದುರ್ಗದ ತೆಂಗಿನ ತೋಟಗಳಲ್ಲಿಯೂ ಮರವೇರಿ ದುಡಿಯುವವರುಂಟು. ಹಿರಿಯೂರು ಚಿತ್ರದುರ್ಗಗಳ ನಡುವಣ ಸುಮಾರು 40 ಕಿಲೋಮೀಟರ್ ಹೆದ್ದಾರಿಯಲ್ಲಿ ವಾಹನಸಂಚಾರವು ಹಗಲಿರುಳು ನಿಲ್ಲದು. ಬಿದ್ದವನನ್ನು ಆಸ್ಪತ್ರೆಗೆ ಸೇರಿಸಿ ಮೂಳೆ ಕೂಡಿಸುವವರೆಗೆ ಅವನ ಯಾತನೆಗೆ ಪರಿಹಾರವೇನೆಂಬುದೇ ಇಲ್ಲಿಯ ವಿಚಾರ.

ಸುಶ್ರುತಸಂಹಿತೆಯ ನಿದಾನಸ್ಥಾನದ 15ನೆಯ ಅಧ್ಯಾಯದಲ್ಲಿ ಭಗ್ನವು ಸಂಧಿಮುಕ್ತ, ಕಾಂಡಭಗ್ನ ಎಂದು ಎರಡು ಬಗೆಯಾಗಿ, ಕ್ರಮವಾಗಿ 6 ಮತ್ತು 12 ಪ್ರಭೇದಗಳುಳ್ಳದ್ದೆಂದು ನಿರೂಪಿತವಾಗಿದೆ. ಚಿಕಿತ್ಸಾಸ್ಥಾನದ 3ನೆಯ ಅಧ್ಯಾಯವು ಅತ್ತಿ, ಅರಳಿ, ಮುತ್ತುಗ, ಆಲ ಮೊದಲಾದವುಗಳ ತೊಗಟೆಯನ್ನು ದಬ್ಬೆಯಾಗಿ ವಿಧಿಸುತ್ತದೆ. ಕಟ್ಟು ಸಡಿಲವಾದರೆ ಸಂಧಿಯು ಸ್ಥಿರವಾಗದು, ಅತಿ ಬಿಗಿಯಾದರೆ ಊತವೂ ನೋವೂ ಹೆಚ್ಚುವುವು ಎಂಬ ಎಚ್ಚರಿಕೆಯೂ ಅಲ್ಲಿದೆ. ಮುರಿದ ಅಂಗವನ್ನು ಅಲುಗದಂತೆ ನಿಲ್ಲಿಸುವುದೇ ಪ್ರಥಮ ವೇದನಾಶಮನವೆಂಬುದು ಇಂದಿಗೂ ಸಮ್ಮತವಾದುದು. ಶಸ್ತ್ರಕರ್ಮಕ್ಕೆ ಮುನ್ನ ಮದ್ಯಪಾನವನ್ನು ಸುಶ್ರುತನು ಹೇಳಿರುವನಾದರೂ ಅಹಿಫೇನದ ಹೆಸರನ್ನೆತ್ತಿಲ್ಲ, ಚರಕನಲ್ಲಿಯೂ ಅದಿಲ್ಲ.

ಆ ಶಬ್ದದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಯವನಭಾಷೆಯ 'ಓಪಿಯೋನ್' ಅರಬ್ಬಿಯಲ್ಲಿ 'ಅಫ್ಯೂನ್' ಆಯಿತು. ಅದನ್ನು ಕೇಳಿದ ಪಂಡಿತರು ಹಾವಿನ ನೊರೆಯೆಂಬ ಅರ್ಥ ತೋರುವಂತೆ 'ಅಹಿಫೇನ'ವೆಂದು ಸಂಸ್ಕರಿಸಿದರು. ಶಾರ್ಙ್ಗಧರಸಂಹಿತೆಯು ಭಂಗಿಯೊಡನೆ ಇದನ್ನು 'ವ್ಯವಾಯಿ' ದ್ರವ್ಯಕ್ಕೆ, ಎಂದರೆ ಪಚನವಾಗುವ ಮೊದಲೇ ಶರೀರವನ್ನು ವ್ಯಾಪಿಸುವುದಕ್ಕೆ, ಉದಾಹರಿಸಿದೆ. ಜರ್ಮನಿಯ ಸರ್ಟ್ಯೂರ್ನರನು ಇದರ ಸಾರವನ್ನು ಬೇರ್ಪಡಿಸಿ, ಸ್ವಪ್ನದೇವತೆಯಾದ ಮಾರ್ಫಿಯಸ್‌ನ ಹೆಸರನ್ನು ಅದಕ್ಕಿಟ್ಟನು. ಅದೇ ಮಾರ್ಫೀನ್.

ಮಾರ್ಫೀನ್ ಮಿದುಳು ಮತ್ತು ಬೆನ್ನುಹುರಿಗಳಲ್ಲಿ ನೋವಿನ ಅರಿವನ್ನು ತಗ್ಗಿಸುತ್ತದೆ. ಐಬುಪ್ರೊಫೇನ್ ಗಾಯದ ಸ್ಥಳದಲ್ಲಿ ಉರಿಯೂತಕ್ಕೆ ಕಾರಣವಾದ ಪ್ರೋಸ್ಟಗ್ಲಾಂಡಿನ್ನುಗಳ ಉತ್ಪತ್ತಿಯನ್ನು ತಡೆಯುತ್ತದೆ. ಮೊದಲನೆಯದೇ ಸದಾ ಬಲವತ್ತರವೆಂಬ ನಂಬಿಕೆಯು ಪರೀಕ್ಷೆಗೆ ನಿಲ್ಲಲಿಲ್ಲ. 2014ರಲ್ಲಿ ಕೆನಡಾದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸರಳಭಗ್ನವಾದ ಮಕ್ಕಳಿಗೆ ಬಾಯಿಯ ಮೂಲಕ ಕೊಟ್ಟ ಮಾರ್ಫೀನಿಗೂ ಐಬುಪ್ರೊಫೇನಿಗೂ ಶಮನದಲ್ಲಿ ಗಣ್ಯವಾದ ಭೇದ ಕಾಣಲಿಲ್ಲ. ಉಪದ್ರವಗಳು ಮಾತ್ರ ಮಾರ್ಫೀನಿನಲ್ಲಿ ಅಧಿಕ. 2017ರ ನ್ಯೂಯಾರ್ಕಿನ ಪರೀಕ್ಷೆಯಲ್ಲಿ 400 ಮಿಲಿಗ್ರಾಂ ಐಬುಪ್ರೊಫೇನ್ 1000 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸೇರಿದ ಮಾತ್ರೆಯು, ಅಫೀಮಿನ ವರ್ಗದ ಔಷಧವೂ ಪ್ಯಾರಾಸಿಟಮಾಲೂ ಸೇರಿದ ಮೂರು ಯೋಗಗಳಿಗೆ 2 ಗಂಟೆಗಳ ಬಳಿಕ ಸಮನಾಗಿ ಕಂಡಿತು. ಅಲ್ಲಿ ಉಳುಕಿನವರೂ ಸೇರಿದ್ದರೆಂಬುದನ್ನು ಮರೆಯಲಾಗದು.

ಇಷ್ಟರಿಂದ ಮಾರ್ಫೀನ್ ನಿರರ್ಥಕವೆಂದು ನಿರ್ಣಯಿಸುವುದು ಅವಿಚಾರ. ತೊಡೆಯೆಲುಬು ಮುರಿದಾಗ, ಮೂಳೆಯು ಚರ್ಮವನ್ನು ಸೀಳಿ ಹೊರಬಂದಾಗ, ಉಸಿರಾಟವನ್ನು ಗಮನಿಸಬಲ್ಲ ವೈದ್ಯನ ಕೈಯಲ್ಲಿ ಅದೇ ಶರಣ್ಯ. ಇತರ ಔಷಧಗಳೂ ನಿರ್ದೋಷಗಳಲ್ಲ: ಜಠರದ ಹುಣ್ಣು, ಮೂತ್ರಪಿಂಡದ ರೋಗವುಳ್ಳವರಿಗೆ ಐಬುಪ್ರೊಫೇನ್ ಅಹಿತ, ಮಿತಿಮೀರಿದ ಪ್ಯಾರಾಸಿಟಮಾಲ್ ಯಕೃತ್ತಿಗೆ ವಿಷ. 1985ರ ಮಾದಕದ್ರವ್ಯ ಕಾಯಿದೆಯಿಂದ ದುರ್ಲಭವಾಗಿದ್ದ ಮಾರ್ಫೀನನ್ನು ಚಿಕಿತ್ಸೆಗೆ ಸುಲಭಗೊಳಿಸಲು 2014ರಲ್ಲಿ ತಿದ್ದುಪಡಿಯಾಯಿತು. ವ್ಯಸನದ ಭಯದಿಂದ ಕಡುಯಾತನೆಯವನಿಗೆ ಅದನ್ನು ನಿರಾಕರಿಸುವುದೂ, ಸಾಮಾನ್ಯ ಭಗ್ನಕ್ಕೆ ಅದನ್ನೇ ಮೊದಲು ಕೊಡುವುದೂ ಸಮಾನ ದೋಷಗಳು. ಮೊದಲು ದಬ್ಬೆಯ ಕಟ್ಟು, ಬಳಿಕ ಸೌಮ್ಯೌಷಧ, ಅವು ಸಾಲದಾದಾಗ ಅಹಿಫೇನ: ಇದೇ ಯುಕ್ತವಾದ ಕ್ರಮ.